ಗದ್ದದ ಮೇಲಿನ ಕೈ

ಕನ್ನಡಿಯ ಮುಂದೆ ನಿಂತಾಗಲೆಲ್ಲ ಅವಳಿಗೆ ಮೊದಲು ಕಾಣುತ್ತಿದ್ದದ್ದು ತನ್ನ ಮುಖವಲ್ಲ, ಸೋದರತ್ತೆಯ ಗದ್ದ. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ಗದ್ದ ಮಾತ್ರ ಸಾಯಲು ಒಪ್ಪದೆ, ಇವಳಿಗೆ ನಲವತ್ತು ದಾಟಿದ ಮೇಲೆ ಸದ್ದಿಲ್ಲದೆ ಬಂದು ಇವಳ ಮುಖದ ಕೆಳಗೆ ಠಿಕಾಣಿ ಹೂಡಿತ್ತು. ಇವತ್ತು ಬೆಳಿಗ್ಗೆಯೂ ಬಚ್ಚಲಮನೆಗೆ ಚಿಲಕ ಹಾಕಿಕೊಂಡು, ಟ್ಯೂಬಿನ ಹೊಟ್ಟೆಯನ್ನು ಒತ್ತಿ, ಬೆರಳ ತುದಿಯಷ್ಟು ಕ್ರೀಮನ್ನು ಮೇಲ್ದುಟಿಯ ಎರಡು ಅಂಚಿಗೂ ಗದ್ದದ ಅಡಿಗೂ ತೆಳ್ಳಗೆ ಸವರಿ, ಚರ್ಮ ಅದನ್ನು ಕುಡಿಯುವವರೆಗೆ ತಿಕ್ಕಿದಳು. ಸಣ್ಣಗೆ ಚುರುಗುಟ್ಟಿತು. ಮೊದಲ ವಾರಗಳಲ್ಲಿ ಈ ಉರಿಗೆ ಅವಳು ಹೆದರಿದ್ದಳು. ಈಗ ಅದು ಇಲ್ಲದಿದ್ದರೆ ಔಷಧಿ ಕೈಕೊಟ್ಟಿತೇನೋ ಎಂದು ಹೆದರುತ್ತಾಳೆ. "ಇದು ಕೂದಲು ತೆಗೆಯೋ ಔಷಧಿ ಅಲ್ಲಮ್ಮ," ಎಂದಿದ್ದರು ಚರ್ಮದ ಡಾಕ್ಟರು, ಇವಳ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ದೀಪಕ್ಕೆ ತಿರುಗಿಸುತ್ತ. "ಬೆಳೆಯೋದನ್ನ ನಿಧಾನ ಮಾಡುತ್ತೆ, ಅಷ್ಟೆ. ಬಂದಿರೋದನ್ನ ನೀವೇ ತೆಗೀಬೇಕು. ಬೆಳಿಗ್ಗೆ ಸಂಜೆ ತಪ್ಪದೆ ಹಚ್ಚಿ. ಹಚ್ಚಿದ ಮೇಲೆ ಮೂರು ನಾಲ್ಕು ಗಂಟೆ ಮುಖ ತೊಳೀಬೇಡಿ. ಗುಣ ಕಾಣೋಕೆ ಎರಡು ತಿಂಗಳಾದ್ರೂ ಬೇಕು." ಬಿಟ್ಟರೆ ಏನಾಗುತ್ತೆ ಎಂದು ಇವಳು ಕೇಳಿದಾಗ, ಮತ್ತೆ ಬರುತ್ತೆ ಎಂದರು. "ಅಂದ್ರೆ, ಜೀವನಪೂರ್ತಿ ಹಚ್ತಾನೇ ಇರಬೇಕಾ ಡಾಕ್ಟ್ರೇ?" "ಹಲ್ಲುಜ್ಜೋದನ್ನ ಎಷ್ಟು ದಿನ ಅಂತ ಯಾರಾದ್ರೂ ಕೇಳ್ತೀರಾ?" ಎಂದು ಅವರು ನಕ್ಕಿದ್ದರು. ಒಳ್ಳೆಯ ನಗು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಆ ಎರಡು ಬೆರಳು ಅವಳ ಗದ್ದವನ್ನು ಹಿಡಿದೇ ಇದ್ದವು.

ಕ್ರೀಮು ಗುಣ ಕೊಟ್ಟಿತ್ತು, ಸುಳ್ಳು ಹೇಳಬಾರದು. ಈಗ ಗದ್ದದ ಮೇಲೆ ಬೆರಳಾಡಿಸಿದರೆ ಅಲ್ಲೊಂದು ಇಲ್ಲೊಂದು ಎಳೆ ಸಿಕ್ಕರೆ ಸಿಕ್ಕೀತು. ಹಾಗಿದ್ದೂ ಅವಳು ಕನ್ನಡಿಯಿಂದ ಬೇಗ ಸರಿದಳು. ಯಾಕೆಂದರೆ ಹೆಚ್ಚು ಹೊತ್ತು ನಿಂತರೆ ಅತ್ತೆ ಪೂರ್ತಿಯಾಗಿ ಬರುತ್ತಾಳೆ. ಗದ್ದಕ್ಕೆಲ್ಲ ಬಿಳಿ ನೊರೆ ಮೆತ್ತಿಕೊಂಡು, ಕೈಯಲ್ಲಿ ರೇಜರ್ ಹಿಡಿದು, ಬಾಗಿಲು ದೂಡಿದ ಹುಡುಗಿಯನ್ನು ಕನ್ನಡಿಯೊಳಗಿಂದಲೇ ನೋಡುತ್ತ. ಆ ಹುಡುಗಿ ಇವಳೇ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದ ಹೊತ್ತಿಗೆ ಓಡಿಹೋಗಿ, "ಅತ್ತೆ ಅಪ್ಪನ ಹಾಗೆ ಶೇವ್ ಮಾಡ್ಕೋತಾ ಇದಾಳೆ!" ಎಂದು ಕೂಗಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆಯೇ ಮುಖ ಒರೆಸಿಕೊಂಡು ಬಂದು ಎಲ್ಲರಿಗಿಂತ ಹೆಚ್ಚು ನಕ್ಕವಳು ಅತ್ತೆಯೇ. ಸದಾ ಬಾಯಿಗೆ ಕರವಸ್ತ್ರ ಒತ್ತಿಕೊಂಡಿರುತ್ತಿದ್ದ ಅವಳನ್ನು ಮಕ್ಕಳೆಲ್ಲ ನೆಗಡಿ ಅತ್ತೆ ಎನ್ನುತ್ತಿದ್ದರು. ಅವಳು ಯಾರಿಗೂ ಮುತ್ತು ಕೊಡುತ್ತಿರಲಿಲ್ಲ. ಉಳಿದ ದೊಡ್ಡವರೆಲ್ಲ ಕೆನ್ನೆ ಹಿಂಡಿ, ಎತ್ತಿ, ಮುದ್ದಾಡಿದರೆ, ಅತ್ತೆ ಮಾತ್ರ ದೂರದಿಂದ ತಲೆ ಸವರಿ ಸುಮ್ಮನಾಗುತ್ತಿದ್ದಳು. ತನ್ನನ್ನು ಕಂಡರೆ ಅತ್ತೆಗೆ ಆಗುವುದಿಲ್ಲ ಎಂದು ಆ ಹುಡುಗಿ ನಂಬಿದ್ದಳು; ಅತ್ತೆ ಸಾಯುವವರೆಗೂ ನಂಬಿದ್ದಳು.

"ಏನೇ, ಇವತ್ತೇ ಅಲ್ವಾ ನಿಮ್ಮ ಸ್ಕೂಲಲ್ಲಿ ಪರೀಕ್ಷೆ?" ಎಂದು ಗಂಡ ಹೊರಗಿನಿಂದ ಕೇಳಿದ. ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಕೆಲವು ಸಲ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಕ್ರೀಮಿಗೆ ಮೊದಲು ಅವಳು ಕದ್ದುಮುಚ್ಚಿ ಅವನ ರೇಜರನ್ನೇ ಬಳಸುತ್ತಿದ್ದಳು. "ಬ್ಲೇಡು ಯಾಕೋ ಬೇಗ ಮೊಂಡಾಗ್ತಿದೆ" ಎಂದು ಅವನು ಒಂದು ದಿನ ಗೊಣಗಿದ. ಗೊಣಗಿದ ಮೇಲೆ ಅವನಿಗೇ ಹೊಳೆಯಿತೋ ಏನೋ, ಮಾರನೆಯ ದಿನ ಬಚ್ಚಲಿನ ಗೂಡಿನಲ್ಲಿ ಅವಳ ಸೋಪಿನ ಪಕ್ಕ ಒಂದು ಹೊಸ ರೇಜರು ತಣ್ಣಗೆ ಕೂತಿತ್ತು. ಒಂದು ಮಾತಿಲ್ಲ. ಬೈದಿದ್ದರೆ, ನಕ್ಕಿದ್ದರೆ, ಜಗಳವಾದರೂ ಆಡಬಹುದಿತ್ತು. ರಾತ್ರಿ ಅವಳು ಅಳುಕುತ್ತ ಕೇಳಿದಾಗ "ನನಗೇನೂ ಕಾಣಲ್ಲ ಕಣೇ, ಸುಮ್ನೆ ತಲೆಗೆ ಹಚ್ಕೋಬೇಡ" ಎಂದು ಮಗ್ಗುಲಾಗಿದ್ದ. ಕಾಣದೆ ಇರುವುದಕ್ಕೆ ರೇಜರ್ ತರುತ್ತಾರಾ ಯಾರಾದರೂ? "ಹೂಂ ರೀ, ಇವತ್ತೇ" ಎಂದು ಈಗ ಕೂಗಿ ಹೇಳಿದಳು. ಹೇಳುವಾಗ ಬಚ್ಚಲಲ್ಲಿ ಅವಳೊಬ್ಬಳೇ ಇದ್ದರೂ, ಅವಳ ಎಡಗೈ ಎದ್ದು, ಹೆಬ್ಬೆರಳೂ ತೋರುಬೆರಳೂ ಸೇರಿ ಕೆಳದುಟಿಯ ಕೆಳಗೆ ಬಂದು ಗದ್ದವನ್ನು ಮುಚ್ಚಿಕೊಂಡು ನಿಂತವು. ಅದು ಅವಳ ಗಮನಕ್ಕೆ ಬರಲಿಲ್ಲ.

ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಕೆಲಸ ಅವಳದು. ಆ ಕಸುಬಿನ ಮೂರು ಮಾತನ್ನು ಹೊಸದಾಗಿ ಸೇರುವ ಟೀಚರುಗಳಿಗೆ ಹೇಳಿಕೊಡುತ್ತಿದ್ದವಳೂ ಅವಳೇ. ಮುಖದ ಮೇಲೆ ಬೆಳಕು ಬೀಳುವ ಹಾಗೆ ಕೂರಬೇಕು. ಬಾಯಿಗೆ ಏನೂ ಅಡ್ಡ ಬರಬಾರದು. ಮಗುವಿನ ಕೈ ನಿಮ್ಮ ಮುಖದ ಮೇಲಿರಬೇಕು. ಕಿವಿಗೆ ಯಂತ್ರ ಹಾಕಿಕೊಂಡರೂ ಆ ಮಕ್ಕಳಿಗೆ ದನಿ ಅರೆಬರೆ. ಹಾಗಾಗಿ ಅವು ಮಾತನ್ನು ಕಣ್ಣಲ್ಲಿ ಹಿಡಿಯುತ್ತವೆ, ಅಂಗೈಯಲ್ಲಿ ಹಿಡಿಯುತ್ತವೆ. ಟೀಚರ್ 'ಮ' ಎಂದಾಗ ಮೂಗಿನ ಪಕ್ಕ, ಗದ್ದದ ಮೂಳೆಯಲ್ಲಿ ಸಣ್ಣಗೆ ಗುಂಯ್‌ಗುಡುವುದನ್ನು ಮಗುವಿನ ಬೆರಳು ತಿಳಿಯುತ್ತದೆ; ಆಮೇಲೆ ಅದೇ ಬೆರಳು ತನ್ನ ಗದ್ದದಲ್ಲಿ ಅದೇ ನಡುಕವನ್ನು ಹುಡುಕುತ್ತದೆ. ಎಷ್ಟು ಮಕ್ಕಳ ಬೆರಳು ಅವಳ ಮುಖದ ಮೇಲೆ ಓಡಾಡಿವೆಯೋ ಲೆಕ್ಕವಿಲ್ಲ. ಜಿಡ್ಡು ಬೆರಳು, ಸೀಸದಕಡ್ಡಿಯ ಮಸಿ ಬೆರಳು, ಮೂಗಿನಿಂದ ಆಗಷ್ಟೇ ತೆಗೆದ ಬೆರಳು. ಒಂದನ್ನೂ ಅವಳು ದೂಡಿರಲಿಲ್ಲ. ಈ ವರ್ಷ ಸೂಜಿ ಬಂದಳು. ಆರು ವರ್ಷದ ಹುಡುಗಿ. ಅವಳ ಕಣ್ಣು ಎಲ್ಲಿ ನೆಟ್ಟರೆ ಅಲ್ಲೇ ನೆಡುತ್ತಿದ್ದುದರಿಂದ ಶಾಲೆಯವರೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು. ಮೊದಲ ಪಾಠದ ದಿನವೇ ಟೀಚರ ಗದ್ದಕ್ಕೆ ಕೈಯಿಟ್ಟ ಸೂಜಿ ಗುಂಯ್‌ಗುಡುವುದನ್ನು ಬಿಟ್ಟು ಬೇರೇನನ್ನೋ ಕಂಡುಹಿಡಿದಳು. ಬೆರಳನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿದಳು. ಮತ್ತೆ ಉಜ್ಜಿದಳು. ಮುಖ ಅರಳಿತು. ತನಗೆ ಗೊತ್ತಿರುವ ಅತ್ಯಂತ ಜೋರು ನಗೆ ನಕ್ಕು, ಪಕ್ಕದ ಮಕ್ಕಳ ಕೈಯನ್ನೂ ಎಳೆದು ತಂದು ಅಲ್ಲಿಗೆ ಇಡಿಸಿದಳು.

ಆ ಸಂಜೆ ಮಕ್ಕಳು ಅಂಗಳದಲ್ಲಿ ಆಡುವುದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಆ ಮಕ್ಕಳು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕೈಯಲ್ಲೇ ಒಂದು ಗುರುತು ಮಾಡುತ್ತವೆ. ದೊಡ್ಡ ಮೇಡಂ ಎಂದರೆ ಮೂಗಿನ ಮೇಲೆ ಜಾರುವ ಕನ್ನಡಕ. ಗೇಟಿನವನು ಎಂದರೆ ಹೊಟ್ಟೆ. ಇವಳಿಗೆ ಇಷ್ಟು ವರ್ಷ ಇದ್ದ ಗುರುತು ಉದ್ದ ಜಡೆ. ಅಂದು ಸೂಜಿ ಅಂಗಳದ ನಡುವೆ ನಿಂತು ತೋರುಬೆರಳಿನಿಂದ ಗದ್ದವನ್ನು ಕೆಳಗಿನಿಂದ ಮೇಲಕ್ಕೆ ಗೀರಿ ತೋರಿಸಿದಳು. ಉಳಿದವರು ತಲೆಯಾಡಿಸಿದರು. ಅಷ್ಟೇ, ಜಡೆ ಹೋಯಿತು. ಅದರಲ್ಲಿ ಲೇವಡಿಯಿರಲಿಲ್ಲ, ಗೇಟಿನವನ ಹೊಟ್ಟೆಯಲ್ಲಿ ಎಷ್ಟು ಲೇವಡಿಯೋ ಇದರಲ್ಲೂ ಅಷ್ಟೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಿಟಕಿಯ ಪರದೆ ಎಳೆದಳು. ಅದೇ ಸಂಜೆ ಚರ್ಮದ ಡಾಕ್ಟರ ಬಾಗಿಲು ತಟ್ಟಿದ್ದಳು. ಅಲ್ಲಿಂದ ಔಷಧಿ ಅಂಗಡಿಗೆ. ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ ಅಂಗಡಿಯವನು ಒಳಕೋಣೆಗೆ ಮುಖ ಮಾಡಿ, "ಲೋ, ಆ ಹೆಂಗಸರ ಮೀಸೆ ಕ್ರೀಮು ಇದೆಯೇನೋ ನೋಡೋ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಕ್ಯೂನಲ್ಲಿ ನಿಂತಿದ್ದವರು ಯಾರೂ ನಗಲಿಲ್ಲ. ಒಬ್ಬೊಬ್ಬರೂ ಬಹಳ ಮರ್ಯಾದೆಯಿಂದ ಬೇರೆಲ್ಲೋ ನೋಡಿದರು. "ನಮ್ಮ ಅತ್ತೆಗೆ" ಎಂದಳು ಅವಳು, ಯಾರೂ ಕೇಳದಿದ್ದರೂ. ಸತ್ತವಳ ಹೆಸರಿಗೆ ಔಷಧಿ ಕೊಂಡು ಹೊರಗೆ ಬಂದಾಗ ಯಾರೋ ಹಿಂದೆ ಹಿಂದೆಯೇ ನಡೆದು ಬಂದ ಹಾಗಾಗಿತ್ತು.

ಆಮೇಲಿನದ್ದೆಲ್ಲ ಸಣ್ಣಸಣ್ಣದಾಗಿಯೇ ಆಯಿತು, ದೊಡ್ಡ ತಪ್ಪುಗಳು ಆಗುವುದೇ ಹಾಗೆ. ಕುರ್ಚಿಯನ್ನು ತಿರುಗಿಸಿದಳು, ಕಿಟಕಿ ಬೆನ್ನಿಗೆ ಬಂತು, ಬೆಳಕು ಮಕ್ಕಳ ಕಣ್ಣಿಗೆ ಬಿತ್ತು. ಮುಖಕ್ಕೆ ಔಷಧಿ ಹಚ್ಚಿದ್ದೀನಿ, ಮುಟ್ಟಬಾರದು ಎಂದು ಸನ್ನೆ ಮಾಡಿದಳು. ನಿಜವೇ ತಾನೇ, ಮಕ್ಕಳ ಕೈಗೆ ಔಷಧಿ ಹತ್ತಿದರೆ? ಆದರೆ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಒಣಗಿ, ತೊಳೆದು, ಹೋಗಿರುತ್ತಿತ್ತು. ಮುಟ್ಟಬಾರದೆಂಬ ಮಾತು ಮಾತ್ರ ಹೋಗುತ್ತಿರಲಿಲ್ಲ. ಸೂಜಿಯ ಕೈ ಮುಂದೆ ಬಂದಾಗಲೆಲ್ಲ ಅವಳು ಅದನ್ನು ನವಿರಾಗಿ ಹಿಡಿದು ಸೂಜಿಯ ಕೊರಳಿಗೇ ಒತ್ತುತ್ತಿದ್ದಳು. ಕೆಲವು ದಿನ ಹುಡುಗಿ ಹಟ ಮಾಡಿದಳು. ಆಮೇಲೆ ಕೈ ಚಾಚುವುದನ್ನೇ ನಿಲ್ಲಿಸಿ, ಎದುರು ಕೂತು, ನೆಟ್ಟ ಕಣ್ಣು ಕೀಳದೆ ನೋಡತೊಡಗಿದಳು. ಆ ನೋಟವನ್ನು ಅವಳು ಎಲ್ಲೋ ಕಂಡಿದ್ದಳು. ಎಲ್ಲಿ ಎಂದು ಗೊತ್ತಾದ ದಿನ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ತಂದಳು. ದೂರದಿಂದ ತಲೆ ಸವರಿಸಿಕೊಂಡು ಅತ್ತೆಯನ್ನು ಹಾಗೆ ನೋಡುತ್ತಿದ್ದವಳು ತಾನೇ. ಸ್ವಲ್ಪ ದಿನ ತಾಳು ಮರಿ, ಇದೊಂದು ಹೋಗಲಿ, ಆಮೇಲೆ ನಿನ್ನ ಕೈ ತೆಗೆಯುವುದೇ ಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮನಸ್ಸಿನಲ್ಲಿ ಹೇಳಿದ್ದು ಕಿವಿಯಿದ್ದವರಿಗೇ ಕೇಳುವುದಿಲ್ಲ.

ಇವತ್ತು ಆ ಸಾಲ ಮೈಮೇಲೆ ಬರುವ ದಿನ. ವರ್ಷದ ಕೊನೆಗೆ ತಾಯಂದಿರನ್ನು ಕೂರಿಸಿಕೊಂಡು ದೊಡ್ಡ ಮೇಡಂ ಒಂದೊಂದೇ ಮಗುವನ್ನು ಮಾತಾಡಿಸಿ ನೋಡುತ್ತಾರೆ. ನಾಲ್ಕು ಪದವಾದರೂ ಬಾಯಿಂದ ಹೊರಡದಿದ್ದರೆ ಮುಂದಿನ ವರ್ಷ ಆ ಮಗು ಪಕ್ಕದ ಕೋಣೆಗೆ, ಬರೀ ಕೈಸನ್ನೆಯ ತರಗತಿಗೆ. ಅದರಲ್ಲಿ ಕೀಳೇನೂ ಇಲ್ಲ. ಆದರೆ ಸೂಜಿಯ ತಾಯಿ ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಆ ಹೆಂಗಸು ವರ್ಷದ ಮೊದಲ ದಿನವೇ, "ಬೇರೇನೂ ಬೇಡ ಟೀಚರ್, ಒಂದು ಸಲ ಅಮ್ಮ ಅನ್ಲಿ ಸಾಕು" ಎಂದು ಕೈಹಿಡಿದುಕೊಂಡಿದ್ದಳು. ಆಗ ಟೀಚರು ಧೈರ್ಯವಾಗಿ, "ಅಮ್ಮ ಅನ್ನೋದೇನು, ಅಮ್ಮನ್ನ ಬೈಯೋ ಹಾಗೆ ಮಾಡ್ತೀನಿ ನೋಡ್ತಿರಿ" ಎಂದು ನಗಿಸಿ ಕಳಿಸಿದ್ದಳು. ಸೂಜಿ ಚುರುಕು. ಎಲ್ಲ ಮಕ್ಕಳಿಗಿಂತ ಮೊದಲು ಮಾತಾಡಬೇಕಿದ್ದವಳು. ಹಾಗಾಗದಿದ್ದರೆ ಅದಕ್ಕೆ ಕಾರಣ ಯಾರು ಎಂಬುದು ಒಬ್ಬಳಿಗೆ ಮಾತ್ರ ಗೊತ್ತಿತ್ತು. ತನ್ನ ಗದ್ದ ಉಳಿಸಿಕೊಳ್ಳಲು ಒಂದು ಮಗುವಿನ ದನಿಯನ್ನು ತಿಂದೆನೇ ಎಂದು ಶಾಲೆಯ ಮೆಟ್ಟಿಲು ಹತ್ತುವಾಗ ಅವಳಿಗೆ ನಿಜವಾಗಿ ಭಯವಾಯಿತು.

ಟೀಚರುಗಳ ಕೋಣೆಯಲ್ಲಿ ಗಡಿಬಿಡಿ. ಕುರ್ಚಿ ಸಾಲದು, ನೀರಿನ ಲೋಟ ತೊಳೆದಿಲ್ಲ, ಗೋಡೆಗೆ ಅಂಟಿಸಿದ ಚಿತ್ರ ಅರ್ಧ ಕಿತ್ತು ನೇತಾಡುತ್ತಿದೆ. "ನಿಮ್ಮದೆಲ್ಲ ಯಾವಾಗ್ಲೂ ಇದೇ ಆಯ್ತು," ಎಂದು ದೊಡ್ಡ ಮೇಡಂ ಜಾರುವ ಕನ್ನಡಕ ಏರಿಸುತ್ತ ರೇಗಿದರು. "ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡೋಕೆ ಹೊರಡ್ತೀರ." ಗಾದೆ ಹೇಳಿದ್ದು ಎಲ್ಲರಿಗೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಇವಳ ಕೈ ಮಾತ್ರ ಗದ್ದಕ್ಕೆ ಹೋಯಿತು. ಯಾರಾದರೂ ನೋಡಿದರೇ? ಯಾರೂ ನೋಡಲಿಲ್ಲ. ಗದ್ದ ನುಣ್ಣಗಿತ್ತು. ಬೆರಳು ಅಲ್ಲಿ ಹುಡುಕಿ ಏನೂ ಸಿಗದೆ ನಿಂತಿತು. ಇನ್ನು ಹೆದರುವುದಕ್ಕೆ ಏನಿದೆ ಎಂದು ತನಗೆ ತಾನೇ ಹೇಳಿಕೊಂಡು ತರಗತಿಗೆ ನಡೆದಳು.

ತಾಯಂದಿರು ಗೋಡೆಗುಂಟ ಸಾಲಾಗಿ ಕೂತಿದ್ದರು. ಮಕ್ಕಳು ಅರ್ಧಚಂದ್ರದ ಹಾಗೆ ಟೀಚರ ಸುತ್ತ. ಅವಳ ಕುರ್ಚಿ ಎಂದಿನಂತೆ ಕಿಟಕಿಗೆ ಬೆನ್ನು ಹಾಕಿತ್ತು. ಅಂಚಿನಲ್ಲಿ ಕೂತಿದ್ದ ಹುಡುಗನನ್ನು ಮೊದಲು ಕರೆದರು. 'ಪಾಪ' ಎನ್ನಬೇಕಿತ್ತು. ಹುಡುಗ ಎದ್ದ. ಎಡಗೈ ಎತ್ತಿದ. ಹೆಬ್ಬೆರಳೂ ತೋರುಬೆರಳೂ ಸೇರಿಸಿ ಕೆಳದುಟಿಯ ಕೆಳಗೆ ಇಟ್ಟು, ಗದ್ದವನ್ನು ಚೆನ್ನಾಗಿ ಮುಚ್ಚಿಕೊಂಡು, ಆಮೇಲೆ "ಪಪ" ಎಂದ. ತಾಯಂದಿರು ಚಪ್ಪಾಳೆ ತಟ್ಟಿದರು. ಎರಡನೆಯವಳು ಎದ್ದಳು. ಎಡಗೈ ಎತ್ತಿದಳು. ದೊಡ್ಡ ಮೇಡಂ ಕನ್ನಡಕ ಏರಿಸಿದರು. ಮೂರನೆಯವನು ಬಲಗೈ ಎತ್ತಿ, ತಪ್ಪಿತೆಂದು ನಾಲಿಗೆ ಕಚ್ಚಿ, ಎಡಗೈಗೆ ಬದಲಾಯಿಸಿಕೊಂಡ. ಆಗ ಟೀಚರು ಉಳಿದ ಮಕ್ಕಳತ್ತ ಕಣ್ಣು ಹಾಯಿಸಿದಳು. ಇನ್ನೂ ಸರದಿ ಬಾರದ ಮಕ್ಕಳು ಕೂತಲ್ಲೇ ಅಭ್ಯಾಸ ಮಾಡುತ್ತಿದ್ದರು. ಇಡೀ ಅರ್ಧಚಂದ್ರ ಗದ್ದ ಮುಚ್ಚಿಕೊಂಡಿತ್ತು. ಏಳೆಂಟು ಪುಟ್ಟ ಕೈ, ಏಳೆಂಟು ಪುಟ್ಟ ಮುಖ, ಒಂದೊಂದರ ಹಿಂದೆಯೂ ಏನೋ ಅಡಗಿಸಿಟ್ಟ ಹಾಗೆ. ನೆಗಡಿ ಅತ್ತೆ ಒಬ್ಬಳಲ್ಲ, ಸಾಲಾಗಿ ಕೂತಿದ್ದಾಳೆ ಎನ್ನಿಸಿತು ಅವಳಿಗೆ. ತುಟಿಯನ್ನು ನೋಡಿ ಕಲಿಯುವ ಮಕ್ಕಳು ತುಟಿಯ ಕೆಳಗಿನದ್ದನ್ನೂ ನೋಡಿದ್ದರು. ಟೀಚರು ಪ್ರತಿ ಮಾತಿಗೂ ತಪ್ಪದೆ ಮಾಡಿದ್ದನ್ನು ತಪ್ಪದೆ ಕಲಿತಿದ್ದರು. ಎಷ್ಟು ಒಳ್ಳೆಯ ಮಕ್ಕಳು.

ಸೂಜಿಯ ಸರದಿ ಬಂತು. ಅವಳು ತಾಯಿಯ ಕಡೆ ತಿರುಗಿ ನಿಂತು, ಕೈಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಗದ್ದಕ್ಕೆ ಒತ್ತಿಕೊಂಡಳು. ಒತ್ತಿದ ಕೈ ದವಡೆಯನ್ನು ತೆರೆಯಲು ಬಿಡಲಿಲ್ಲ. ಬಾಯಿ ತೆರೆಯದೆ 'ಅ' ಎಲ್ಲಿಂದ ಬಂದೀತು? ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. "ಮ್ಮ್" ಎಂಬ, ಬಾಗಿಲಾಚೆ ಯಾರೋ ನರಳಿದಂಥ ದನಿಯೊಂದು ಹೊರಟು ನಿಂತಿತು. ತಾಯಿ ಎರಡೂ ಕೈಯಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಅಷ್ಟೇ ಸಾಕಾಗಿತ್ತು. "ಇದೇನಿದು?" ಎಂದರು ದೊಡ್ಡ ಮೇಡಂ. "ಎಲ್ರೂ ಯಾಕೆ ಗದ್ದ ಹಿಡ್ಕೊಂಡಿದಾರೆ?" ಟೀಚರು ಬಾಯಿ ತೆರೆಯುವ ಮೊದಲೇ ಸೂಜಿಯ ತಾಯಿ ಎದ್ದು ನಿಂತಳು. "ಪಾಠ ಮೇಡಂ. ಮನೇಲೂ ಹಾಗೇ ಮಾಡ್ತಾಳೆ. ನಾನು ಕೈ ಇಟ್ಕೊಳ್ದೆ ಮಾತಾಡಿದ್ರೆ ಸಿಟ್ಟು ಬರುತ್ತೆ ಅವಳಿಗೆ. ಅದಕ್ಕೆ ಈಗ ನಾನೂ ಹೀಗೇ..." ಎನ್ನುತ್ತ ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ತೂತು ಬಿದ್ದ ಬೆರಳುಗಳನ್ನು ತನ್ನ ಗದ್ದಕ್ಕೆ ಇಟ್ಟುಕೊಂಡು, "ಹೀಗೇ ಅಮ್ಮ ಅಂತ ಹೇಳ್ಕೊಡ್ತೀನಿ. ಸರಿ ಅಲ್ವಾ ಟೀಚರ್?" ಎಂದಳು. ಮುಖದಲ್ಲಿ ಹೆಮ್ಮೆ.

ದೊಡ್ಡ ಮೇಡಂ ಇವಳತ್ತ ತಿರುಗಿದರು. "ಹೊಸ ಪದ್ಧತಿನಾ? ನನಗೆ ಯಾರೂ ಹೇಳ್ಲೇ ಇಲ್ಲ." ದಾರಿ ಅವರೇ ತೆರೆದುಕೊಟ್ಟಿದ್ದರು. ಹೌದು ಮೇಡಂ, ಹೊಸ ಪದ್ಧತಿ ಎಂದಿದ್ದರೆ ಮುಗಿಯುತ್ತಿತ್ತು. ನಾಳೆಯಿಂದ ಆ ಪದ್ಧತಿಯನ್ನು ಕೈಬಿಟ್ಟೆವು ಎಂದರೆ ಅದೂ ನಡೆಯುತ್ತಿತ್ತು. ಹೌದು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಎದುರಿಗೆ ಆ ತಾಯಿ ಇನ್ನೂ ಗದ್ದ ಮುಚ್ಚಿಕೊಂಡೇ ನಿಂತಿದ್ದಳು, ಟೀಚರು ಸರಿ ಎಂದ ಮೇಲೆ ಕೈ ತೆಗೆಯೋಣವೆಂದು. "ಪದ್ಧತಿ ಅಲ್ಲ ಮೇಡಂ," ಎಂದಳು. "ನನ್ನ ಗದ್ದದಲ್ಲಿ ಕೂದಲು ಬರ್ತಿತ್ತು. ಗಂಡಸರ ಹಾಗೆ. ಮಕ್ಕಳು ಮುಟ್ಟಿ ನೋಡಿ ನಕ್ರು. ಆಮೇಲೆ ಔಷಧಿ ಹಚ್ಕೊಂಡೆ, ಮುಟ್ಟೋಕೆ ಬಿಡಲಿಲ್ಲ, ಮುಚ್ಕೊಂಡೇ ಪಾಠ ಮಾಡಿದೆ. ಇವು ಅದನ್ನೂ ಪಾಠ ಅಂದ್ಕೊಂಡಿದಾವೆ. ತಪ್ಪು ನನ್ನದು." ತಾಯಂದಿರೆಲ್ಲ ಅವಳ ಗದ್ದವನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಆಮೇಲೆ ತಿಳಿಯಿತು, ಅವರು ನೋಡುತ್ತಿದ್ದದ್ದು ಗದ್ದವನ್ನಲ್ಲ, ಅದರ ಮೇಲಿದ್ದ ಅವಳ ಕೈಯನ್ನು. ಇಷ್ಟನ್ನೂ ಅವಳು ಮುಚ್ಚಿಕೊಂಡೇ ಹೇಳಿದ್ದಳು.

ಕೈಯನ್ನು ತೆಗೆಯಲು ಇನ್ನೊಂದು ಕೈ ಬೇಕಾಯಿತು. ತೆಗೆದು ತೊಡೆಯ ಮೇಲೆ ಇಟ್ಟು, ಅದು ಮತ್ತೆ ಏಳದ ಹಾಗೆ ಅದರ ಮೇಲೆ ಇನ್ನೊಂದನ್ನು ಒತ್ತಿಕೊಂಡಳು. ಸೂಜಿಯ ತಾಯಿ ಮೆಲ್ಲಗೆ ತನ್ನ ಕೈ ಇಳಿಸಿ, "ಅಯ್ಯೋ ಟೀಚರ್, ಇಷ್ಟಕ್ಕೇನಾ?" ಎಂದಳು. ಅದರಲ್ಲಿ ಕೋಪವಿತ್ತೋ ಕನಿಕರವಿತ್ತೋ, ಟೀಚರು ಅವಳ ಮುಖ ನೋಡಿಯೂ ತಿಳಿಯಲಾರದೆ ಹೋದಳು. ಎದ್ದು ಕುರ್ಚಿಯನ್ನು ತಿರುಗಿಸಿದಳು. ಕಿಟಕಿಯ ಬೆಳಕು ನೇರ ಮುಖದ ಮೇಲೆ ಬಿತ್ತು. ಚರ್ಮದ ಕೆಂಪು, ಕ್ರೀಮಿನಿಂದ ಎದ್ದಿದ್ದ ಎರಡು ಗುಳ್ಳೆ, ಬೆಳಿಗ್ಗೆ ಚಿಮಟಕ್ಕೆ ಸಿಗದೆ ಉಳಿದ ಒಂದು ಕಪ್ಪೆಳೆ, ಎಲ್ಲವೂ ಕಾಣುತ್ತಿರಬೇಕು. ಕಾಣಲಿ. ಸೂಜಿಯನ್ನು ಹತ್ತಿರಕ್ಕೆ ಕರೆದು, ಅವಳ ಎರಡೂ ಕೈಯನ್ನು ಎತ್ತಿ ತನ್ನ ಗದ್ದಕ್ಕೆ ಇಟ್ಟುಕೊಂಡಳು. ಎಷ್ಟು ತಿಂಗಳಾಗಿತ್ತು. ಬೆಚ್ಚಗಿನ, ಸ್ವಲ್ಪ ಅಂಟಾದ ಬೆರಳುಗಳು. ಬಾಯನ್ನು ಅಗಲವಾಗಿ ತೆರೆದು, ತುಟಿ ಮುಚ್ಚಿ, ಮತ್ತೆ ತೆರೆದು, "ಅಮ್ಮ" ಎಂದಳು.

ಸೂಜಿಯ ಬೆರಳು ಅವಳ ಗದ್ದದ ಮೇಲೆ ಕ್ಷಣಕಾಲ ನಿಂತಿತು. ಆಮೇಲೆ ಹುಡುಗಿಯ ಹುಬ್ಬು ಗಂಟಾಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಟೀಚರ ತುಟಿಯನ್ನೂ ಬರಿಗದ್ದವನ್ನೂ ಬೆಳಕಿನಲ್ಲಿ ನೆಟ್ಟು ನೋಡಿದಳು. ಏನೋ ತಪ್ಪಾಗಿದೆ ಎಂದು ಅವಳಿಗೆ ತಿಳಿದಿತ್ತು. ಟೀಚರ ತೊಡೆಯ ಮೇಲೆ ಒಂದರ ಅಡಿ ಒಂದು ಬಿದ್ದಿದ್ದ ಕೈಗಳನ್ನು ಬಿಡಿಸಿ, ಎಡಗೈಯನ್ನೇ ಹುಡುಕಿ ಎತ್ತಿಕೊಂಡಳು. ಹೆಬ್ಬೆರಳನ್ನೂ ತೋರುಬೆರಳನ್ನೂ ಜೋಡಿಸಿ, ಅದನ್ನು ಎತ್ತಿ ಟೀಚರ ಗದ್ದದ ಮೇಲೆ ಸರಿಯಾದ ಜಾಗಕ್ಕೆ ಇಟ್ಟಳು, ಒಂದಿಷ್ಟೂ ಒರಟುತನವಿಲ್ಲದೆ. ಅದು ಜಾರದ ಹಾಗೆ ಎರಡು ಸಲ ತಟ್ಟಿ, ಈಗ ಹೇಳಿ ಎಂದು ತಲೆಯಾಡಿಸಿ, ಕಾದು ನಿಂತಳು.